ಸಣ್ಣ ಮೋಟಾರು, ಉದ್ದ ಹಗ್ಗ

ಮಂಡ್ಯ ತಾಲ್ಲೂಕಿನ ಕೆರಗೋಡು ಹೋಬಳಿಯಲ್ಲಿ ಎಚ್‌ಪಿ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪಂಪ್‌ಸೆಟ್ಟು ಐದು ಎಚ್‌ಪಿಯದೋ ಏಳೂವರೆಯದೋ, ಗದ್ದೆಗಿಳಿಯುವ ಟಿಲ್ಲರ್ 12ರದೋ 13ರದೋ ಎಂಬುದು ಹೈಸ್ಕೂಲು ಹುಡುಗರಿಗೂ ಬಾಯಿಪಾಠ. ಈ ಸೀಮೆಯವರು ರಜೆಯಲ್ಲಿ ಮಲ್ಪೆಗೆ ಹೋಗಿ, ಐದಾರು ಜನರನ್ನು ಕೂರಿಸಿಕೊಂಡ ಗಾಳಿತುಂಬಿದ ಹಳದಿ ಬನಾನಾ ಬೋಟನ್ನು ಇನ್ನೊಂದು ದೋಣಿ ಅಲೆಯ ಮೇಲೆ ಎಳೆದೊಯ್ಯುವುದನ್ನು ಕಂಡರೆ, ಟಿಕೆಟ್ಟಿನ ದರ ಕೇಳುವ ಮೊದಲೇ ಕೇಳುವುದು ಮೋಟಾರು ಎಷ್ಟು ಎಚ್‌ಪಿ ಎಂದು. ಮೈಸೂರಿನಿಂದ ತಿ. ನರಸೀಪುರದ ಕಡೆಗೆ ಹೋಗುವ ರಸ್ತೆಯ ವರುಣಾ ಕೆರೆಯಲ್ಲೂ ಇಂಥ ಜಲಕ್ರೀಡೆ ನಡೆದಿದೆ. ಅಲ್ಲಿಗೆ ಹೋಗಿ ಬಂದವರ ಮನಸ್ಸಿನಲ್ಲಿ ಮುಂದಿನ ಪ್ರಶ್ನೆಯೂ ಏಳುತ್ತದೆ: ಮೀನುಗಾರರ ದೋಣಿಗೆ ಕೂರಿಸುವಂಥ 10, 15, 25 ಎಚ್‌ಪಿಯ ಸಣ್ಣ ಔಟ್‌ಬೋರ್ಡ್ ಮೋಟಾರಿನಿಂದ ನಮ್ಮ ಕಡೆಯ ನೀರಿನಲ್ಲೂ ಒಬ್ಬ ಮನುಷ್ಯನನ್ನು ಸ್ಕೀ ಮೇಲೆ ನಿಲ್ಲಿಸಿ ಎಳೆಯಬಹುದೇ?

ಎಳೆಯಬಹುದು. ಈ ಆಟ ಹುಟ್ಟಿದ್ದೇ ಹಾಗೆ, ಆ ಕಾಲದ ನಿಧಾನದ ದೋಣಿಯೊಂದರ ಹಿಂದೆ.

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಮಿಸಿಸಿಪ್ಪಿ ನದಿ ಒಂದೆಡೆ ಅಗಲವಾಗಿ ಹರಡಿಕೊಂಡು ಪೆಪಿನ್ ಎಂಬ ಸರೋವರವಾಗಿದೆ. ಅದರ ದಡದ ಲೇಕ್ ಸಿಟಿ ಎಂಬ ಊರಿನ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ಹದಿನೆಂಟರ ಹುಡುಗನಿಗೆ 1922ರ ಬೇಸಿಗೆಯಲ್ಲಿ ಒಂದು ಹುಚ್ಚು ಹತ್ತಿತು. ಹಿಮದ ಮೇಲೆ ಜಾರುವವರು ನೀರಿನ ಮೇಲೆ ಏಕೆ ಜಾರಬಾರದು? ಮೊದಲು ಪೀಪಾಯಿಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡ, ಮುಳುಗಿದ. ಹಿಮದ ಸ್ಕೀಗಳನ್ನೇ ಕಟ್ಟಿಕೊಂಡ, ಆಗಲೂ ಮುಳುಗಿದ. ಕೊನೆಗೆ 8 ಅಡಿ ಉದ್ದ, 9 ಇಂಚು ಅಗಲದ ಎರಡು ಹಲಗೆಗಳನ್ನು ತಂದು, ತುದಿಗಳನ್ನು ಅಮ್ಮನ ತಾಮ್ರದ ಹಂಡೆಯ ಕುದಿಯುವ ನೀರಿನಲ್ಲಿ ನೆನೆಸಿ ಮೇಲಕ್ಕೆ ಬಾಗಿಸಿದ. ಕಾಲು ತೂರಿಸಲು ಚರ್ಮದ ಪಟ್ಟಿ ಹೊಡೆದ. ಹಗ್ಗಕ್ಕೆ ಕಿಟಕಿಗೆ ಬಳಸುವ ನೂರು ಅಡಿ ದಾರ, ಹಿಡಿಗೆ ಕಮ್ಮಾರನಿಂದ ಮಾಡಿಸಿದ ಕಬ್ಬಿಣದ ಬಳೆ. ಅಣ್ಣ ಬೆನ್ ಓಡಿಸುತ್ತಿದ್ದ ದೋಣಿಗೆ ಕೂರಿಸಿದ್ದು ಸ್ಯಾಕ್ಸನ್ ಎಂಬ ಹಳೆಯ ಟ್ರಕ್ಕಿನ ಎಂಜಿನ್ನು.

ಅಷ್ಟೆಲ್ಲ ಆದರೂ ಅವನು ಮತ್ತೆ ಮತ್ತೆ ಬಿದ್ದ. ಸ್ಕೀಗಳನ್ನು ನೀರಿನೊಳಗೆ ಮಟ್ಟಸವಾಗಿಟ್ಟುಕೊಂಡೇ ಮೇಲೇಳಲು ನೋಡುತ್ತಿದ್ದುದು ತೊಡಕಾಗಿತ್ತು. ಜುಲೈ 2ರಂದು ಹಿಂದಕ್ಕೆ ವಾಲಿ, ಸ್ಕೀಗಳ ಮೂತಿಯನ್ನು ನೀರಿನಿಂದ ಹೊರಗೆ ಮೇಲಕ್ಕೆತ್ತಿ ಹಿಡಿದ. ದೋಣಿ ಹೊರಟಿತು, ಹುಡುಗ ಎದ್ದು ನಿಂತ. ಈಗಲೂ ಪ್ರಪಂಚದ ಯಾವ ಕೆರೆಯಲ್ಲಿ ಸ್ಕೀ ಕಲಿಸಿದರೂ ಮೊದಲ ಪಾಠ ಇದೇ. ವಾಟರ್ ಸ್ಕೀಯಿಂಗ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿತ್ತು. ಅಷ್ಟು ದೂರ ಬಂದ ಆಟದ ಮೂಲ ಉಪಕರಣಗಳು ಒಂದು ಊರಿನ ಬಡಗಿ, ಕಮ್ಮಾರ ಮತ್ತು ಅಡುಗೆಮನೆಯ ನಡುವೆ ತಯಾರಾದವು.

ಆ ಹಲಗೆಗಳ ಅಳತೆಯಲ್ಲೇ ಸಣ್ಣ ಮೋಟಾರಿನವರಿಗೆ ಬೇಕಾದ ಗುಟ್ಟು ಅಡಗಿದೆ. ಸ್ಯಾಮ್ಯುಯೆಲ್ಸನ್ನನ ಎರಡೂ ಹಲಗೆಗಳ ಒಟ್ಟು ವಿಸ್ತೀರ್ಣ 12 ಚದರಡಿ. ಇಂದು ಅಂಗಡಿಯಲ್ಲಿ ಸಿಗುವ ವಯಸ್ಕರ ಜೋಡಿ ಸ್ಕೀಗಳದ್ದು ಸುಮಾರು 6 ಚದರಡಿ. ನೀರು ಹಲಗೆಯನ್ನು ಮೇಲಕ್ಕೆ ಒತ್ತುವ ಬಲ ವಿಸ್ತೀರ್ಣಕ್ಕೆ ತಕ್ಕಂತೆಯೂ, ವೇಗದ ವರ್ಗಕ್ಕೆ ತಕ್ಕಂತೆಯೂ ಹೆಚ್ಚುತ್ತದೆ. ವಿಸ್ತೀರ್ಣ ಎರಡರಷ್ಟಾದರೆ ಅದೇ ಭಾರವನ್ನು ಹೊರಲು ಬೇಕಾದ ವೇಗ ಸುಮಾರು ಶೇ 70ಕ್ಕೆ ಇಳಿಯುತ್ತದೆ. ಮಾಮೂಲಿ ಸ್ಕೀಗೆ ಗಂಟೆಗೆ 32 ಕಿ.ಮೀ. ಬೇಕಿದ್ದಲ್ಲಿ ಅಗಲ ಹಲಗೆಗೆ 23 ಕಿ.ಮೀ. ಸಾಕು. ದೊಡ್ಡ ಎಂಜಿನ್ನು ಕೊಳ್ಳಲಾಗದವರು ಅಗಲವಾದ ಸ್ಕೀ ಕೊಳ್ಳಬಹುದು. ಮಂಡಿಯೂರಿ ಕೂರುವ ನೀಬೋರ್ಡ್ ಎಂಬ ಅಗಲ ಹಲಗೆ ಇನ್ನೂ ಸುಲಭ.

ಹಾಗಾದರೆ ಶಕ್ತಿ ಖರ್ಚಾಗುವುದೆಲ್ಲಿ? ಬಹುಪಾಲು ದೋಣಿಯನ್ನೇ ಎಳೆಯುವುದರಲ್ಲಿ. ನೀರನ್ನು ಸೀಳುತ್ತಾ ಹೋಗುವ ದೋಣಿಗೆ ಒಂದು ಸಹಜ ವೇಗಮಿತಿಯಿದೆ. 14 ಅಡಿ ಉದ್ದದ ದೋಣಿಗೆ ಅದು ಗಂಟೆಗೆ ಸುಮಾರು 9 ಕಿ.ಮೀ. ಅದನ್ನು ದಾಟಬೇಕಾದರೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಿ, ನೀರಿನ ಮೇಲ್ಮೈಗೆ ಬಂದು ಜಾರಬೇಕು. ಇದಕ್ಕೆ ಪ್ಲೇನಿಂಗ್ ಎನ್ನುತ್ತಾರೆ. ಈ ಅಲೆ ಹತ್ತುವಾಗ ದೋಣಿಯ ಮೂತಿ ಆಕಾಶ ನೋಡುತ್ತದೆ, ಹಿಂಭಾಗ ಕುಸಿಯುತ್ತದೆ, ಎಂಜಿನ್ನು ನರಳುತ್ತದೆ. ಒಮ್ಮೆ ಮೇಲೆ ಬಂದರೆ ಮೂತಿ ಇಳಿದು, ಎಂಜಿನ್ನಿನ ದನಿ ತಿಳಿಯಾಗುತ್ತದೆ. ಹಿಂದಿರುವ ಸ್ಕೀಯರ್‌ನ ಕತೆಯೂ ಇದೇ: ಮೊದಲು ನೀರನ್ನು ಉಳುತ್ತಾ ಬರುತ್ತಾನೆ, ಎದ್ದ ಮೇಲೆ ಹಗುರಾಗುತ್ತಾನೆ. ಕೆಸರುಗದ್ದೆಯಿಂದ ಕಬ್ಬಿನ ಲೋಡು ಹೊತ್ತು ರಸ್ತೆಗೆ ಏರುವ ಟ್ರ್ಯಾಕ್ಟರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ತಾರು ರಸ್ತೆ ಸಿಕ್ಕ ಮೇಲೆ ಅದೇ ಲೋಡು ಅದೇ ಎಂಜಿನ್ನಿಗೆ ಲೆಕ್ಕಕ್ಕಿಲ್ಲ.

ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. 75 ಕೆ.ಜಿ. ಭಾರವನ್ನು ಸೆಕೆಂಡಿಗೆ ಒಂದು ಮೀಟರಿನಂತೆ ಎತ್ತುವುದು ಒಂದು ಎಚ್‌ಪಿ. 14 ಅಡಿಯ ಹಗುರ ದೋಣಿ, ಮೋಟಾರು, ಪೆಟ್ರೋಲು, ಇಬ್ಬರು ಸವಾರರು ಎಲ್ಲ ಸೇರಿ 320 ಕೆ.ಜಿ. ಎಂದಿಟ್ಟುಕೊಳ್ಳೋಣ. ಮೇಲ್ಮೈಯಲ್ಲಿ ಜಾರುವಾಗ ಇಂಥ ದೋಣಿಯ ಎಳೆತ ಭಾರದ ಐದಾರನೇ ಒಂದು ಭಾಗ, ಅಂದರೆ ಸುಮಾರು 60 ಕೆ.ಜಿ. ಎದ್ದು ನಿಂತ ಸ್ಕೀಯರ್ ಇನ್ನೊಂದು 20 ಕೆ.ಜಿ.ಯಷ್ಟು ಹಿಂದಕ್ಕೆ ಎಳೆಯುತ್ತಾನೆ. ಗಂಟೆಗೆ 30 ಕಿ.ಮೀ. ಎಂದರೆ ಸೆಕೆಂಡಿಗೆ 8.3 ಮೀಟರ್. 80ನ್ನು 8.3ರಿಂದ ಗುಣಿಸಿ 75ರಿಂದ ಭಾಗಿಸಿದರೆ 9 ಎಚ್‌ಪಿ ಹತ್ತಿರ ಬರುತ್ತದೆ. ಪ್ರೊಪೆಲ್ಲರ್ ತನಗೆ ಸಿಕ್ಕ ಶಕ್ತಿಯಲ್ಲಿ ಅರ್ಧದಷ್ಟನ್ನು ನೀರು ಕಲಕುವುದರಲ್ಲೇ ಕಳೆಯುವುದರಿಂದ ಮೋಟಾರಿನಲ್ಲಿ 18 ಎಚ್‌ಪಿ ಬೇಕು. 25ರ ಮೋಟಾರಿಗೆ ಇದು ಕೈಗೆಟಕುವ ಕೆಲಸ. 15ರದು ಹಗುರ ಮೈಯ ಹುಡುಗರನ್ನು ಅಗಲ ಹಲಗೆಯ ಮೇಲೆ ಎಳೆದೀತು. ಕರಾವಳಿಯ ನಾಡದೋಣಿಗಳಲ್ಲಿ ಹೆಚ್ಚಾಗಿ ಕಾಣುವ 9.9 ಎಚ್‌ಪಿಯ ಮೋಟಾರು ಒಂದು ಮಗು ಕೂತ ಟ್ಯೂಬನ್ನು ನಿಧಾನಕ್ಕೆ ಸುತ್ತಿಸಲು ಸಾಕು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು.

ಇದು ಓಟ ಹಿಡಿದ ಮೇಲಿನ ಲೆಕ್ಕ. ಮೊದಲ ಹತ್ತು ಸೆಕೆಂಡು ಬೇರೆಯೇ. ಆಗ ದೋಣಿಯೂ ಅಲೆ ಹತ್ತುತ್ತಿರುತ್ತದೆ, ಸ್ಕೀಯರ್ ಕೂಡ ನೀರು ಉಳುತ್ತಿರುತ್ತಾನೆ. ಎರಡೂ ಭಾರ ಒಟ್ಟಿಗೆ ಬೀಳುತ್ತವೆ. ಸಣ್ಣ ಮೋಟಾರಿನವರ ಜಾಣತನವೆಲ್ಲ ಈ ಹತ್ತು ಸೆಕೆಂಡಿನಲ್ಲಿ ಖರ್ಚಾಗಬೇಕು.

ಮೊದಲನೆಯದು ಭಾರ. ಐಸ್ ಪೆಟ್ಟಿಗೆ, ಹೆಚ್ಚುವರಿ ಕ್ಯಾನು, ನೋಡಲು ಬಂದ ಭಾವಮೈದ, ಎಲ್ಲರೂ ದಡದಲ್ಲೇ ಉಳಿಯಲಿ. ದೋಣಿಯಲ್ಲಿ ಉಳಿದ ಎರಡನೆಯವರು ಹೊರಡುವಾಗ ಮುಂದಕ್ಕೆ ಸರಿದು ಕೂತರೆ ಮೂತಿ ಬೇಗ ಇಳಿಯುತ್ತದೆ. ಆಮೇಲೆ ಪ್ರೊಪೆಲ್ಲರ್. ಅದರ ಮೇಲೆ ಕೆತ್ತಿರುವ ಎರಡು ಅಂಕಿಗಳಲ್ಲಿ ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಅದು ಎಷ್ಟು ಇಂಚು ಮುಂದೆ ಹೋಗಬೇಕೆಂಬುದು. ಪಿಚ್ ಒಂದು ಇಂಚು ಕಡಿಮೆಯಾದರೆ ಎಂಜಿನ್ನು ನಿಮಿಷಕ್ಕೆ 150ರಿಂದ 200 ಸುತ್ತು ಹೆಚ್ಚು ತಿರುಗುತ್ತದೆ. ಗರಿಷ್ಠ ವೇಗ ಸ್ವಲ್ಪ ಇಳಿದು, ಎಳೆಯುವ ತಾಕತ್ತು ಏರುತ್ತದೆ. ಎಂಜಿನ್ನು ತಯಾರಿಸಿದವರು ಹೇಳಿದ ಸುತ್ತಿನ ಮಿತಿ ಮೀರದಂತೆ ನೋಡಿಕೊಂಡರೆ, ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಬದಲಾವಣೆ ಇನ್ನೊಂದಿಲ್ಲ.

ಹಗ್ಗ ಕಟ್ಟುವ ಜಾಗಕ್ಕೂ ಲೆಕ್ಕವಿದೆ. ದೋಣಿಯ ಹಿಂಬದಿಯ ಒಂದು ಮೂಲೆಗೆ ಕಟ್ಟಿದರೆ ಎಳೆತ ಒಂದೇ ಪಕ್ಕಕ್ಕೆ ಬಿದ್ದು, ಸಣ್ಣ ದೋಣಿ ಆ ಕಡೆಗೇ ತಿರುಗಲು ನೋಡುತ್ತದೆ. ಎರಡೂ ಮೂಲೆಯ ಕೊಂಡಿಗಳಿಗೆ ಸೇರಿಸಿ ನಡುವೆ ರಾಟೆ ಓಡಾಡುವಂತೆ ಕಟ್ಟಿದ ಇಬ್ಬಾಯಿ ಹಗ್ಗ ಮೋಟಾರಿನ ಹಿಂದೆ ಸಮನಾಗಿ ಎಳೆಯುತ್ತದೆ. ಸ್ಕೀ ಹಗ್ಗ ಸಾಮಾನ್ಯವಾಗಿ 75 ಅಡಿ ಉದ್ದ.

ಇನ್ನು ಚಾಲಕ. ಮೋಟಾರು ತಣ್ಣಗೆ ಓಡುತ್ತಿರುವಾಗಲೇ ಹಗ್ಗದ ಸಡಿಲವನ್ನೆಲ್ಲ ಎಳೆದುಕೊಂಡು, ಬಿಗಿಯಾದ ಮೇಲೆ ಥ್ರಾಟಲ್ ಪೂರ್ತಿ ತಿರುಗಿಸಬೇಕು. ದೊಡ್ಡ ಎಂಜಿನ್ನಿನ ಚಾಲಕ ಮೆಲ್ಲಗೆ ಕೊಡುವುದನ್ನು ಕಲಿಯಬೇಕು. ಸಣ್ಣ ಎಂಜಿನ್ನಿನವನು ಹಿಂಜರಿದರೆ ಸ್ಕೀಯರ್ ಎದೆಮಟ್ಟದ ನೀರಿನಲ್ಲೇ ನೂರು ಮೀಟರ್ ತೇಲಿ, ತೋಳು ಸೋತು, ಹಿಡಿ ಬಿಡುತ್ತಾನೆ. ಅದಕ್ಕೇ ಸಣ್ಣ ಮೋಟಾರಿನ ಹಿಂದೆ ಆಳದ ನೀರಿನಿಂದ ಎಬ್ಬಿಸುವ ಬದಲು, ಮರದ ಕಟ್ಟೆಯ ಅಂಚಿನಲ್ಲಿ ಕೂರಿಸಿ ಹೊರಡಿಸುವ ರೂಢಿಯೂ ಇದೆ. ಅಲ್ಲಿ ಮೈ ಆಗಲೇ ನೀರಿನ ಮೇಲಿರುವುದರಿಂದ ಉಳುವ ಕೆಲಸ ತಪ್ಪುತ್ತದೆ. ಇದನ್ನು ಪಳಗಿದವರು ಮಾತ್ರ ಮಾಡಬೇಕು; ಸುತ್ತಿಬಿದ್ದ ಹಗ್ಗ ಕಾಲಿಗೆ ತೊಡರಿದರೆ ಬಿಡಿಸಲು ಸಮಯವಿರುವುದಿಲ್ಲ.

ಟ್ಯೂಬಿನ ವಿಷಯ ಮೇಲ್ನೋಟಕ್ಕೆ ಸಲೀಸು. ಹಳೇ ಮೈಸೂರಿನ ಹಳ್ಳಿ ಹುಡುಗರಲ್ಲಿ ಎಷ್ಟೋ ಮಂದಿ ಈಜು ಕಲಿತದ್ದು ಸೋರೆಬುರುಡೆ, ಬೆಂಡು ಅಥವಾ ಲಾರಿ ಟ್ಯೂಬು ಕಟ್ಟಿಕೊಂಡು. ಆ ಟ್ಯೂಬಿಗೇ ಹಗ್ಗ ಕಟ್ಟಿ ದೋಣಿಯ ಹಿಂದೆ ಬಿಡುವ ಆಸೆ ಸಹಜ. ಖಂಡಿತ ಕೂಡದು. ಚಕ್ರದ ಟ್ಯೂಬಿನ ಲೋಹದ ವಾಲ್ವು ವೇಗದಲ್ಲಿ ಮೈ ಸೀಳುತ್ತದೆ. ರಬ್ಬರಿಗೆ ಬಿಗಿದ ಹಗ್ಗ ಎಲ್ಲಿ ಕಿತ್ತುಬರುತ್ತದೆಂದು ಹೇಳಲಾಗದು. ಎಳೆಯಲೆಂದೇ ಮಾಡಿದ ಟ್ಯೂಬಿಗೆ ಗಟ್ಟಿ ಬಟ್ಟೆಯ ಹೊದಿಕೆ, ಹಿಡಿಗಳು ಮತ್ತು ಹೊಲಿದು ಕೂರಿಸಿದ ಎಳೆಗೊಂಡಿ ಇರುತ್ತವೆ.

ಟ್ಯೂಬಿನ ಹಗ್ಗವೂ ಬೇರೆ. ಸ್ಕೀಯರ್ ಬಿದ್ದರೆ ಹಿಡಿ ಬಿಡುತ್ತಾನೆ, ಹಗ್ಗದ ಮೇಲಿನ ಭಾರ ಅಲ್ಲಿಗೆ ಮುಗಿಯಿತು. ಟ್ಯೂಬು ಹಾಗೆ ಬಿಡುವುದಿಲ್ಲ. ನೀರಿಗೆ ಮೂತಿ ಹೂತರೆ ಇಡೀ ದೋಣಿಯನ್ನೇ ಹಿಂದಕ್ಕೆ ಜಗ್ಗುತ್ತದೆ. ಅಮೆರಿಕದ ಜಲಕ್ರೀಡಾ ಉದ್ಯಮದ ಮಾನದಂಡದಂತೆ ಒಬ್ಬರು ಕೂರುವ ಟ್ಯೂಬಿನ ಹಗ್ಗ ಕನಿಷ್ಠ 680 ಕೆ.ಜಿ., ಇಬ್ಬರದಕ್ಕೆ 1,077 ಕೆ.ಜಿ. ಎಳೆತ ತಡೆಯಬೇಕು; ಉದ್ದ 50 ಅಡಿಗೆ ಕಮ್ಮಿಯಿರಬಾರದು, 65 ದಾಟಬಾರದು. ತುಂಡಾದ ನೈಲಾನ್ ಹಗ್ಗ ಹಿಗ್ಗಿದ ಬಲದಲ್ಲೇ ದೋಣಿಯೊಳಗಿನವರ ಮುಖಕ್ಕೆ ಚಿಮ್ಮುತ್ತದೆ.

ಟ್ಯೂಬಿನಲ್ಲಿ ಇನ್ನೊಂದು ಅಪಾಯವಿದೆ, ಅದು ಕುಳಿತವರಿಗೆ ಅಪಾಯವೆಂದೇ ತೋರುವುದಿಲ್ಲ. ಸ್ಕೀಗೆ ದಿಕ್ಕಿದೆ, ಟ್ಯೂಬಿಗಿಲ್ಲ. ದೋಣಿ ತಿರುಗಿದಾಗ ಅದು ಹೊರವೃತ್ತಕ್ಕೆ ಎಸೆಯಲ್ಪಡುತ್ತದೆ. 20 ಮೀಟರ್ ತ್ರಿಜ್ಯದ ತಿರುವಿನಲ್ಲಿ 25 ಕಿ.ಮೀ. ವೇಗದಲ್ಲಿರುವ ದೋಣಿಯ ಹಿಂದೆ ಟ್ಯೂಬು 28 ಮೀಟರ್ ತ್ರಿಜ್ಯಕ್ಕೆ ಜಾರಿದರೆ, ಅದರ ವೇಗ ಆ ಗಳಿಗೆಗೆ 35 ಕಿ.ಮೀ. ಆಗಿರುತ್ತದೆ. ದಡದ ಕಲ್ಲು, ಲಂಗರು ಹಾಕಿದ ತೆಪ್ಪ, ಜಾಲಿಯ ಮೋಟು ಎದುರಾದರೆ ತಪ್ಪಿಸಿಕೊಳ್ಳಲು ಕುಳಿತವರ ಕೈಯಲ್ಲಿ ಏನೂ ಇಲ್ಲ. ‘ಇನ್ನೊಂಚೂರು ಜೋರಾಗಿ ಅಣ್ಣಾ’ ಎಂದು ಮಕ್ಕಳು ಕೂಗುತ್ತಾರೆ. ಮಕ್ಕಳ ಟ್ಯೂಬಿಗೆ 15ರಿಂದ 20 ಕಿ.ಮೀ. ಯಥೇಚ್ಛ. ಇಲ್ಲಿ ಸಣ್ಣ ಮೋಟಾರು ದೊಡ್ಡದಕ್ಕಿಂತ ಒಳ್ಳೆಯದೆಂದು ಧೈರ್ಯವಾಗಿ ಹೇಳಬಹುದು. ಅದರ ಬಡತನವೇ ಮಕ್ಕಳಿಗೆ ಕಾವಲು.

ಎಚ್‌ಪಿಗಿಂತ ಮುಖ್ಯವಾದದ್ದು ದೋಣಿಯಲ್ಲಿ ಹಿಂದಕ್ಕೆ ಮುಖಮಾಡಿ ಕೂರುವ ಒಬ್ಬ ಮನುಷ್ಯ. ಚಾಲಕನ ಕಣ್ಣು ಮುಂದಿರಬೇಕು. ಹಿಂದೆ ಏನಾಯಿತೆಂದು ಅವನು ತಿರುಗಿ ನೋಡುವ ಮೂರು ಸೆಕೆಂಡಿನಲ್ಲಿ ದೋಣಿ 25 ಮೀಟರ್ ಮುಂದೆ ಹೋಗಿರುತ್ತದೆ. ಸಣ್ಣ ಮೋಟಾರಿನವರಿಗೆ ಭಾರ ಉಳಿಸುವ ನೆಪದಲ್ಲಿ ಈ ಎರಡನೆಯವರನ್ನು ಇಳಿಸುವ ಆಸೆ ಬರುತ್ತದೆ. 60 ಕೆ.ಜಿ. ಉಳಿಯುತ್ತದೆ, ನಿಜ. ಇಬ್ಬರ ಭಾರ ಹೊತ್ತು ಎಳೆಯಲಾರದ ಮೋಟಾರು ಸ್ಕೀ ಎಳೆಯಲು ಯೋಗ್ಯವಲ್ಲ ಎಂದು ಅಲ್ಲಿಗೇ ಕೈಬಿಡುವುದು ಸರಿ.

ಈ ಎರಡನೆಯವರಿಗೂ ಹಿಂದಿರುವವರಿಗೂ ನಡುವೆ ಮಾತು ನಡೆಯುವುದು ಕೈಸನ್ನೆಯಲ್ಲಿ. ಹೆಬ್ಬೆರಳು ಮೇಲೆ ಮಾಡಿದರೆ ವೇಗ ಹೆಚ್ಚಿಸಿ, ಕೆಳಗೆ ಮಾಡಿದರೆ ತಗ್ಗಿಸಿ. ಕತ್ತಿನ ಮುಂದೆ ಅಡ್ಡ ಕೈ ಬೀಸಿದರೆ ಮೋಟಾರು ನಿಲ್ಲಿಸಿ. ತಲೆ ತಟ್ಟಿಕೊಂಡರೆ ದಡಕ್ಕೆ ವಾಪಸ್ಸು. ಬಿದ್ದ ಮೇಲೆ ಎರಡೂ ಕೈ ತಲೆಯ ಮೇಲೆ ಜೋಡಿಸಿದರೆ ಪೆಟ್ಟಾಗಿಲ್ಲ ಎಂದರ್ಥ. ಆ ಸನ್ನೆ ಬಾರದಿದ್ದರೆ ಪೆಟ್ಟಾಗಿದೆ ಎಂದೇ ತಿಳಿದು ಧಾವಿಸಬೇಕು. ಬಿದ್ದವರ ಬಳಿಗೆ ನಿಧಾನವಾಗಿ, ಅವರು ಚಾಲಕನ ಪಕ್ಕಕ್ಕೇ ಕಾಣುವಂತೆ ಬಂದು, ಹತ್ತಿರವಾದಾಗ ಮೋಟಾರು ಪೂರ್ತಿ ಆರಿಸಬೇಕು. ನ್ಯೂಟ್ರಲ್‌ನಲ್ಲಿ ಬಿಡುವುದು ಸಾಲದು. ಚಾಲಕನ ಮಣಿಕಟ್ಟಿಗೆ ಕಟ್ಟುವ ಕೆಂಪು ದಾರವೊಂದು ಬಹುತೇಕ ಎಲ್ಲ ಹೊಸ ಔಟ್‌ಬೋರ್ಡ್‌ಗಳೊಂದಿಗೆ ಬರುತ್ತದೆ. ಅವನು ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ನು ತಾನೇ ನಿಲ್ಲುತ್ತದೆ.

ಲೈಫ್ ಜಾಕೆಟ್ಟಿನ ಮಾತು ಕರ್ನಾಟಕದಲ್ಲಿ ಯಾರಿಗೂ ಹಳೆಯದಾಗಬಾರದು. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡದ ನರಸಿಂಹನ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ದೋಣಿಯಲ್ಲಿ ಮಿತಿ ಮೀರಿ ಜನರಿದ್ದರು, ಜಾಕೆಟ್ ತೊಟ್ಟವರು ಕಡಿಮೆ. ಸ್ಕೀ, ಟ್ಯೂಬುಗಳಿಗೆ ಬೇಕಾದದ್ದು ಎಲ್ಲ ಬಕಲ್ಲುಗಳನ್ನೂ ಬಿಗಿದು ತೊಟ್ಟ ಗಟ್ಟಿ ಫೋಮಿನ ಜಾಕೆಟ್ಟು. ಬಿದ್ದ ರಭಸಕ್ಕೆ ಕತ್ತಿನ ಮೇಲಕ್ಕೆ ಜಾರಿಹೋಗುವ ದೊಗಳೆ ಜಾಕೆಟ್ಟು ತೊಟ್ಟೂ ತೊಡದಂತೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗು ಕಾಯ್ದೆ ಒಳನೀರಿನ ಯಾಂತ್ರಿಕ ದೋಣಿಗಳಿಗೆ ನೋಂದಣಿ, ತಪಾಸಣೆ, ವಿಮೆ, ಚಾಲಕನ ಅರ್ಹತೆ ಎಲ್ಲವನ್ನೂ ಕೇಳುತ್ತದೆ. ಮೋಟಾರು ದೋಣಿ ನಡೆಸುವುದನ್ನೂ ಜೀವ ಉಳಿಸುವುದನ್ನೂ ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಕಲಿಸುತ್ತದೆ. ಮಂಡ್ಯದ ಯುವಕರು ಇದನ್ನು ಉದ್ಯೋಗವಾಗಿ ನೋಡುವುದಾದರೆ ಮೊದಲು ಹಿಡಿಯಬೇಕಾದ ದಾರಿ ಅದು.

ನೀರು ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಮಂಡ್ಯ ಜಿಲ್ಲೆಯಲ್ಲಿ ನೀರಿಗೆ ಬರವಿಲ್ಲದ ಕಾಲದಲ್ಲೂ ಎಲ್ಲ ನೀರೂ ಆಟಕ್ಕಲ್ಲ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಒಂದೇ ನಿಮಿಷಕ್ಕೆ 500 ಮೀಟರ್ ಮುಗಿಯುತ್ತದೆ. ದೋಣಿಯ ಎರಡೂ ಪಕ್ಕಕ್ಕೆ 30 ಮೀಟರ್ ಬಯಲು ನೀರು, ಅಡಿಯಲ್ಲಿ ಎರಡು ಮೀಟರಾದರೂ ಆಳ ಬೇಕು. ಊರ ಕೆರೆಗಳು ಇಲ್ಲಿಗೇ ಪಟ್ಟಿಯಿಂದ ಹೊರಬೀಳುತ್ತವೆ. ಅವುಗಳಲ್ಲಿ ಅಂತರಗಂಗೆ ಹಬ್ಬಿರುತ್ತದೆ, ಮೀನಿನ ಗುತ್ತಿಗೆ ಹಿಡಿದವರ ಬಲೆ ಬಿಟ್ಟಿರುತ್ತದೆ. ಎರಡೂ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತವೆ. ಬಲೆ ಹರಿದರೆ ಒಬ್ಬ ಬಡವನ ವಾರದ ದುಡಿಮೆ ಹೋಯಿತು. ಮಣ್ಣಿನ ಏರಿಗೆ ದೋಣಿಯ ಅಲೆ ದಿನವೂ ಬಡಿದರೆ ಕಲ್ಲುಕಟ್ಟಣೆ ಸಡಿಲವಾಗುವ ಭಯವೂ ಇದೆ.

ಬೆಟ್ಟಗಳ ನಡುವಿನ ತೊಣ್ಣೂರು ಕೆರೆ ತಿಳಿ ನೀರಿನದು. 1746ರಲ್ಲಿ ಅಲ್ಲಿಗೆ ಬಂದ ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ಅದನ್ನು ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂದು ಕರೆದನೆಂದು ಹೇಳುತ್ತಾರೆ. ಅದು ಆ ಹೆಸರಿನಷ್ಟೇ ತಿಳಿಯಾಗಿ ಉಳಿಯಬೇಕಾದರೆ ಹಳೆಯ ಟೂ-ಸ್ಟ್ರೋಕ್ ಮೋಟಾರುಗಳಿಗೆ ಅಲ್ಲಿ ಪ್ರವೇಶವಿರಬಾರದು. ಆ ಬಗೆಯ ಔಟ್‌ಬೋರ್ಡ್ ತಾನು ಕುಡಿದ ಇಂಧನದಲ್ಲಿ ಕಾಲು ಭಾಗದವರೆಗೆ ಸುಡದೆಯೇ ನೀರಿಗೆ ಉಗುಳುತ್ತದೆ. 25 ಎಚ್‌ಪಿಯ ಮೋಟಾರು ಪೂರ್ತಿ ವೇಗದಲ್ಲಿ ಗಂಟೆಗೆ ಒಂಬತ್ತು ಲೀಟರ್ ಕುಡಿದರೆ ಎರಡು ಲೀಟರ್ ಕೆರೆಗೆ! ಫೋರ್-ಸ್ಟ್ರೋಕ್ ಮೋಟಾರು ಸ್ವಲ್ಪ ಭಾರ, ಬೆಲೆಯೂ ಹೆಚ್ಚು. ಆದರೂ ಕುಡಿಯುವ, ಉಣ್ಣುವ ನೀರಿನಲ್ಲಿ ಅದೊಂದೇ ಆಯ್ಕೆ.

ಹಕ್ಕಿಗಳಿರುವಲ್ಲಿ ಮೋಟಾರಿನ ಮಾತೇ ಬೇಡ. 1940ರಿಂದ ಪಕ್ಷಿಧಾಮವಾಗಿರುವ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ರಂಗನತಿಟ್ಟಿನಲ್ಲಿ ದೋಣಿಗಳನ್ನು ಹುಟ್ಟು ಹಾಕಿಯೇ ನಡೆಸುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಗಳು ಮರಿಗಳಿಗೆ ಮೀನು ತರುವುದು ಶಿಂಷಾ ಮತ್ತು ಸುತ್ತಲಿನ ಕೆರೆಗಳಿಂದ. ಗೂಡಿನ ತಿಂಗಳುಗಳಲ್ಲಿ ಆ ಕೆರೆಗಳು ಸದ್ದಿಲ್ಲದಿರಬೇಕು.

ಅಗಲಕ್ಕೂ ಆಳಕ್ಕೂ ಒಪ್ಪುವುದು ಕೆಆರ್‌ಎಸ್ ಹಿನ್ನೀರಿನಂಥ ಜಾಗ. ಅದರ ಯಜಮಾನಿಕೆ ಕಾವೇರಿ ನೀರಾವರಿ ನಿಗಮದ್ದು, ಅನುಮತಿಯಿಲ್ಲದೆ ದೋಣಿ ಇಳಿಸುವಂತಿಲ್ಲ; ಅಣೆಕಟ್ಟೆಯ ಹತ್ತಿರವಂತೂ ಸುಳಿಯುವಂತಿಲ್ಲ. 124.80 ಅಡಿ ತುಂಬಿದಾಗ ಸಮುದ್ರದಂತೆ ಕಾಣುವ ಅದೇ ನೀರು ಬೇಸಿಗೆಗೆ ತಗ್ಗಿದರೆ ಮುಳುಗಿದ ಹಳೆಯ ಊರುಗಳ ಕಲ್ಲು, ಗೋಡೆ, ಮರದ ಮೋಟುಗಳು ಮೇಲ್ಮೈಗೆ ಒಂದೆರಡು ಅಡಿ ಕೆಳಗೆ ಬಂದು ನಿಲ್ಲುತ್ತವೆ. ಹೊಸ ಕನ್ನಂಬಾಡಿಯಲ್ಲಿ ಈಗ ನೆಲೆಸಿರುವ ವೇಣುಗೋಪಾಲಸ್ವಾಮಿಯ ಗುಡಿ ಮೊದಲು ಆ ನೀರಿನಡಿಯಲ್ಲೇ ಇತ್ತು, ನೀರು ಬತ್ತಿದ ವರ್ಷಗಳಲ್ಲಿ ಜನ ಅದನ್ನು ಕಣ್ಣಾರೆ ಕಂಡಿದ್ದರು. ಆದ್ದರಿಂದ ಆಗಸ್ಟ್‌ನಲ್ಲಿ ಓಡಿಸಿದ ದಾರಿಯನ್ನು ಏಪ್ರಿಲ್‌ನಲ್ಲಿ ನಂಬಬಾರದು. ಪ್ರತಿಸಲ ಮೊದಲ ಸುತ್ತು ಹಗ್ಗವಿಲ್ಲದೆ, ನಿಧಾನಕ್ಕೆ, ಗಳು ಹಾಕಿ ಆಳ ನೋಡಿಕೊಂಡು ಹೋಗಬೇಕು.

ದೋಣಿ, ಅನುಮತಿ, ಪೆಟ್ರೋಲು ಒದಗುವ ಮೊದಲೇ ಕಲಿಯಬಹುದಾದ ಪಾಠ ಒಂದಿದೆ. ತರಬೇತುದಾರರು ಇದನ್ನು ದಡದಲ್ಲೇ ಮಾಡಿಸುತ್ತಾರೆ, ಕೆರಗೋಡಿನ ಯಾವ ಹುಲ್ಲಿನ ಮೈದಾನದಲ್ಲೂ ಮಾಡಬಹುದು. ಕಲಿಯುವವರು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಮಂಡಿಯನ್ನು ಎದೆಗೆ ತಂದು, ತೋಳು ನೇರವಾಗಿ ಚಾಚಿ ಹಗ್ಗದ ಹಿಡಿ ಹಿಡಿಯಬೇಕು. ಇನ್ನೊಬ್ಬರು ಆ ತುದಿಯಿಂದ ಒಂದೇ ಸಮನೆ ಎಳೆಯುತ್ತಾರೆ. ತಾನಾಗಿ ಏಳಲು ಹೋಗಬಾರದು, ಹಿಡಿಯನ್ನು ಎದೆಗೆ ಎಳೆದುಕೊಳ್ಳಬಾರದು; ಹಗ್ಗವೇ ಮೈಯನ್ನು ಮೇಲಕ್ಕೆತ್ತುವವರೆಗೆ ಕಾದು, ಆಮೇಲೆ ಮಂಡಿ ಸ್ವಲ್ಪ ಬಾಗಿದಂತೆಯೇ ನಿಲ್ಲಬೇಕು. ನೆಲದ ಮೇಲೆ ತೋಳು ಮಡಚುವವರು ನೀರಿನಲ್ಲೂ ಮಡಚಿ, ಹಿಂದಕ್ಕೆ ಮಗುಚುತ್ತಾರೆ. ಪ್ರತಿಸಲ ತೋಳು ಮಡಚದೆ ಎದ್ದು ನಿಲ್ಲುವುದು ರೂಢಿಯಾದ ಮೇಲೆ ಜಾಕೆಟ್ಟಿನ ಬಕಲ್ಲುಗಳನ್ನು ಬಿಗಿದು ನೀರಿಗೆ ಇಳಿಸಬಹುದು.